ಬಿಗ್ ಬ್ಯಾಂಗ್ ಆಗಿದ್ದು ಯಾವ ಜಾಗದಲ್ಲಿ? ಬೆರಳು ಮಾಡಿ ತೋರಿಸಾಕೆ ಆಗುತ್ತಾ?

ಜಲ್ಲಿ_ದುರ್ಗ

ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗದ ಹತ್ರ ಒಂದು ಕಲ್ಲು ಕ್ವಾರೀಲಿ ಸೂಪರ್‌ವೈಸರ್, ಓದಿದ್ದು ಐಟಿಐ, ಹಂಗಾಗಿ ದೊಡ್ಡ ದೊಡ್ಡ ಗಣಿತ ಹಾಕಿ ಹೆದರಿಸಬ್ಯಾಡ್ರಿ. ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು, ಮಾಳಿಗೆ ಮೇಲೆ ಚಾಪೆ ಹಾಕ್ಕೊಂಡು ಕೂತಿದ್ವಿ, ಜೋಗಿಮಟ್ಟಿ ಕಡೆ ಗಾಳಿ ಫ್ಯಾನುಗಳ ಕೆಂಪು ಲೈಟು ಬಿಟ್ರೆ ಎಲ್ಲಾ ಕತ್ತಲು, ನಕ್ಷತ್ರ ಚೆನ್ನಾಗಿ ಕಾಣ್ತಿದ್ವು. ಆಗ ಇವಳು "ಅಪ್ಪಾಜಿ, ವಿಶ್ವ ಶುರುವಾಗಿದ್ದಕ್ಕೆ ಬಿಗ್ ಬ್ಯಾಂಗ್ ಅಂತಾರಲ್ಲ, ಅದು ಆಕಾಶದಾಗೆ ಯಾವ ಕಡೆ ಆಗಿದ್ದು" ಅಂದ್ಲು. ನಾಳೆ ಹೇಳ್ತೀನಿ ಅಂತ ಜಾರಿಕೊಂಡೆ, ಅದೇ ನಾಳೆ ನಾಳೆ ಅಂತ ವಾರ ಆಯ್ತು.

ನನ್ನ ಲೆಕ್ಕ ಹೇಳ್ತೀನಿ ಕೇಳಿ. ನಮ್ಮಲ್ಲಿ ಸಾಲಾಗಿ ಹೋಲ್ ಹೊಡೆದು ಮದ್ದು ತುಂಬಿ, ಸೈರನ್ ಊದಿ, ಕೆಂಪು ಬಾವುಟ ತೋರಿಸಿ ಬ್ಲಾಸ್ಟ್ ಮಾಡ್ತಾರೆ. ಹೊಗೆ ಇಳಿದ ಮೇಲೆ ನಾನು ಹೋಗಿ ಕಲ್ಲು ಎಲ್ಲೆಲ್ಲಿ ಬಿದ್ದೈತೆ, ಯಾವುದು ಎಷ್ಟು ದೂರ ಹಾರೈತೆ ನೋಡಿದ್ರೆ ಸಾಕು, ಮೂರನೇ ಹೋಲಿಗೆ ಮದ್ದು ಜಾಸ್ತಿ ಬಿದ್ದೈತೆ ಅಂತ ಹೇಳಿಬಿಡ್ತೀನಿ, ಹದಿನೆಂಟು ವರ್ಷದ ಅಭ್ಯಾಸ. ಗ್ಯಾಲಕ್ಸಿಗಳೂ, ಅಂದ್ರೆ ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳೂ, ಎಲ್ಲಾ ದೂರ ದೂರ ಹೋಗ್ತಾ ಇದಾವೆ ಅಂತಾರಲ್ಲ, ಹಂಗಾದ್ರೆ ಅವು ಬಂದ ದಾರೀನೇ ಹಿಂದಕ್ಕೆ ಎಳೀತಾ ಹೋದ್ರೆ ಎಲ್ಲಾ ಒಂದೇ ಹೋಲಿಗೆ ಬಂದು ಸೇರಬೇಕಲ್ವಾ? ಆ ಜಾಗ ಯಾವುದು? ಈಗ ಅಲ್ಲಿ ಏನೈತೆ, ಬರೀ ಗುಂಡಿನಾ? ಇಷ್ಟು ಸುಲಭದ ವಿಷಯಾನ ಯಾರೂ ಯಾಕೆ ಹೇಳಲ್ಲ ಅಂತ ನನ್ನ ಪ್ರಶ್ನೆ.

ಮಿರ್ಚಿ_ಮಂಡಕ್ಕಿ

ಗುಂಡಿ ಹುಡುಕ್ತಾ ಇದೀರಾ ಅಣ್ಣಾ? ದಾವಣಗೆರೆಗೆ ಬನ್ನಿ, ನಮ್ಮ ಬೀದಿ ನೋಡಿದ್ರೆ ಬಿಗ್ ಬ್ಯಾಂಗ್ ಇಲ್ಲೇ ಆಗಿದ್ದು ಅಂತ ಯಾರು ಬೇಕಾದ್ರೂ ಒಪ್ತಾರೆ 😂

ಹಳೇ_ಮೇಷ್ಟ್ರು

ಮಿರ್ಚಿ ಮಂಡಕ್ಕಿಯವರು ತಮಾಷೆಗೆ ಹೇಳಿದ್ದೇ ಸರಿ ಉತ್ತರ ಕಣ್ರಪ್ಪ. ಅವರ ಬೀದೀಲೇ ಆಗಿದ್ದು. ನಿಮ್ಮ ಕ್ವಾರೀಲೂ ಆಗಿದ್ದು, ನಿಮ್ಮ ಮಾಳಿಗೆ ಮೇಲೆ ಆ ಚಾಪೆ ಹಾಸಿದ್ದ ಜಾಗದಲ್ಲೂ ಆಗಿದ್ದು, ಆಂಡ್ರೊಮಿಡಾ ಗ್ಯಾಲಕ್ಸೀಲಿ ಯಾರಾದ್ರೂ ಕೂತಿದ್ರೆ ಅವರ ಕಾಲ ಕೆಳಗೂ ಆಗಿದ್ದು.

ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಸೈನ್ಸ್ ಹೇಳ್ದೋನು, ಈ ಪ್ರಶ್ನೆ ಬಂದಾಗೆಲ್ಲಾ ಮಕ್ಕಳಿಗೆ ತಿರುಗಿ ಒಂದು ಪ್ರಶ್ನೆ ಕೇಳ್ತಿದ್ದೆ: ಈ ವರ್ಷ ಯುಗಾದಿ ಯಾವ ಊರಲ್ಲಿ ಆಯ್ತು? ನಗ್ತಿದ್ರು. ಯುಗಾದಿ ಒಂದು ಊರಲ್ಲಿ ಆಗಿ ಆಮೇಲೆ ಮಿಕ್ಕ ಊರಿಗೆ ಹರಡೋದಲ್ಲ, ದುರ್ಗದಲ್ಲೂ ಅದೇ ದಿನ, ಹರಿಹರದಲ್ಲೂ ಅದೇ ದಿನ. ಯಾವತ್ತು ಅಂತ ಕೇಳಬಹುದು, ಎಲ್ಲಿ ಅಂತ ಕೇಳಿದ್ರೆ "ಎಲ್ಲಾ ಕಡೆ" ಅನ್ನಬೇಕಾಗುತ್ತೆ. ಬಿಗ್ ಬ್ಯಾಂಗೂ ಹಂಗೆ. ಯಾವಾಗ ಅಂದ್ರೆ ಸುಮಾರು 1380 ಕೋಟಿ ವರ್ಷದ ಹಿಂದೆ. ಎಲ್ಲಿ ಅಂದ್ರೆ, ಎಲ್ಲೆಲ್ಲಿ ಜಾಗ ಅನ್ನೋದು ಇದೆಯೋ ಅಲ್ಲೆಲ್ಲಾ.

ಜನಕ್ಕೆ ಗೊಂದಲ ಆಗೋದಕ್ಕೆ ಅರ್ಧ ಕಾರಣ ಆ ಹೆಸರೇ. ಫ್ರೆಡ್ ಹಾಯ್ಲ್ ಅಂತ ಇಂಗ್ಲೆಂಡಿನ ವಿಜ್ಞಾನಿ, ಅವರಿಗೆ ಈ ಸಿದ್ಧಾಂತಾನೇ ಒಪ್ಪಿಗೆ ಇರಲಿಲ್ಲ, ವಿಶ್ವಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ ಅನ್ನೋ ಪಕ್ಷ ಅವರದು, ನಮ್ಮ ದೇಶದ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಈ ಹಾಯ್ಲ್ ಅವರ ಶಿಷ್ಯರೇ. 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡ್ತಾ ಎದುರು ಪಕ್ಷದವರ ವಿಚಾರಕ್ಕೆ "ಬಿಗ್ ಬ್ಯಾಂಗ್" ಅಂದ್ರು, ಅದೇ ನಿಂತುಬಿಡ್ತು. ಒಪ್ಪದೇ ಇದ್ದೋರು ಇಟ್ಟ ಹೆಸರು! ಅದಕ್ಕಿಂತ ಮೊದಲು 1931ರಲ್ಲಿ ಬೆಲ್ಜಿಯಂನ ಪಾದ್ರಿ ಲೆಮೇತ್ರ್ "ಆದಿಮ ಪರಮಾಣು" ಅಂತ ಕರೆದಿದ್ರು, ಆ ಹೆಸರಲ್ಲಿ ಸಿಡಿತ ಗಿಡಿತ ಏನೂ ಇರಲಿಲ್ಲ. ಅದೇ ಉಳಿದಿದ್ರೆ ನಿಮಗೆ ಕ್ವಾರಿ ನೆನಪಾಗ್ತಿರಲಿಲ್ಲ ಅನ್ಸುತ್ತೆ.

ಟೈಲರ್_ಡಿವಿಜಿ

ಮೇಷ್ಟ್ರು ಹೇಳಿದ್ದು ಚಂದ ಐತಿ ಆದ್ರೆ ಎಲ್ಲಾ ಕಡೆ ಆಯ್ತು ಅಂದ್ರೆ ಕಣ್ಣಿಗೆ ಕಾಣ್ಬೇಕಲ್ರೀ. ನಾನು ಪಿಜೆ ಬಡಾವಣೇಲಿ ಟೈಲರ್ ಅಂಗಡಿ ಇಟ್ಕೊಂಡಿದೀನಿ, ಯೂಟ್ಯೂಬಲ್ಲಿ ಇಂಥವೆಲ್ಲಾ ಹಾಕ್ಕೊಂಡು ಹೊಲಿಯೋದು ನನ್ನ ಚಟ. ನಾನು ಮಾಡಿ ನೋಡಿದ್ದು ಹೇಳ್ತೀನಿ.

ಲಂಗಕ್ಕೆ ಹಾಕೋ ಎಲಾಸ್ಟಿಕ್ ತಗೊಳ್ಳಿ, ಅರ್ಧ ಮೀಟರ್ ಸಾಕು. ಚಾಕ್‌ಪೀಸಲ್ಲಿ ಇಂಚಿಗೊಂದು ಗೆರೆ ಹಾಕಿ, ಒಂದೊಂದು ಗೆರೆ ಒಂದೊಂದು ಗ್ಯಾಲಕ್ಸಿ ಅನ್ಕೊಳ್ಳಿ. ಈಗ ಎರಡೂ ತುದಿ ಹಿಡಿದು ಎರಡರಷ್ಟು ಉದ್ದ ಆಗೋ ತನಕ ಎಳೀರಿ. ನೀವು ನಡುವಿನ ಯಾವುದೋ ಒಂದು ಗೆರೆ ಮೇಲೆ ಕೂತಿದೀರಿ ಅಂತ ಇಟ್ಕೊಳ್ರಿ. ಪಕ್ಕದ ಗೆರೆ ಒಂದಿಂಚು ಇದ್ದದ್ದು ಎರಡಿಂಚಾತು, ಅದರಾಚೆದು ಎರಡಿದ್ದದ್ದು ನಾಲ್ಕಾತು, ಅದರಾಚೆದು ಮೂರಿದ್ದದ್ದು ಆರಾತು. ಅಂದ್ರೆ ಹತ್ರದ್ದು ಒಂದಿಂಚು ಓಡ್ತು, ದೂರದ್ದು ಅಷ್ಟೇ ಹೊತ್ತಿಗೆ ಮೂರಿಂಚು ಓಡ್ತು. ದೂರ ಇದ್ದಷ್ಟೂ ಜೋರು. 1929ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ಸಾಹೇಬ್ರು ಗ್ಯಾಲಕ್ಸಿ ಅಳೆದು ಹೇಳಿದ್ದೂ ಇದೇ ಅಲ್ವಾ. ಈಗ ಬೇರೆ ಗೆರೆಗೆ ಹೋಗಿ ಕೂತ್ಕೊಳ್ರಿ, ಅಲ್ಲಿಂದ್ಲೂ ಒಂದು ಎರಡಾತು ಎರಡು ನಾಲ್ಕಾತು, ಅದೇ ಲೆಕ್ಕ. ಪ್ರತಿ ಗೆರೇಗೂ ನಾನೇ ನಡುಮಧ್ಯ, ಉಳಿದೋರೆಲ್ಲಾ ನನ್ನ ಬಿಟ್ಟು ಓಡ್ತಿದಾರೆ ಅಂತ ಕಾಣ್ತೈತಿ, ಒಂದು ಗೆರೇಗೂ ಹೆಚ್ಚಿಗೆ ಹಕ್ಕಿಲ್ಲ.

ಹಿಂದಕ್ಕೆ ಎಳೆದ್ರೆ ಅಂದ್ರಲ್ಲ, ಎಲಾಸ್ಟಿಕ್ ಬಿಟ್ಟು ನೋಡ್ರಿ. ನೀವು ಯಾವ ಗೆರೆ ಮೇಲೆ ಕಣ್ಣಿಟ್ಟಿರ್ತೀರೋ ಎಲ್ಲಾ ಅದರ ಹತ್ರಾನೇ ಬಂದು ಸೇರ್ಕೊಂಡ ಹಂಗೆ ಕಾಣ್ತೈತಿ.

ಇನ್ನೊಂದು, ಎಲಾಸ್ಟಿಕ್ಕಿಗೆ ಗುಂಡಿ ಹೊಲಿದ್ರೆ ಗುಂಡಿ ದೊಡ್ಡದಾಗಲ್ಲ, ಗುಂಡಿ ಗುಂಡಿ ನಡುವಿನ ದೂರ ಅಷ್ಟೇ ಬೆಳೀತೈತಿ. ನಿಮ್ಮ ಕೋಟೆ ಹಿಗ್ಗಲ್ಲ, ಹೆದರಬ್ಯಾಡ್ರಿ. (ಅಂಗಿ ಗುಂಡಿ ರೀ, ಬೀದಿ ಗುಂಡಿ ಅಲ್ಲ. ಬೀದಿ ಗುಂಡಿ ದೊಡ್ಡದಾಗ್ತೈತಿ.)

ಜಲ್ಲಿ_ದುರ್ಗ

ಟೈಲರ್ ಅಣ್ಣ, ಮನೇಲಿ ಹಳೇ ಎಲಾಸ್ಟಿಕ್ ಇತ್ತು, ಮಗಳೂ ನಾನೂ ಗೆರೆ ಹಾಕಿ ಎಳೆದ್ವಿ, ನೀವು ಹೇಳಿದ್ದು ಸರಿ ಐತೆ. ಆದ್ರೆ ನನಗೊಂದು ತಕರಾರು ಐತೆ, ಬೇಜಾರಾಗಬ್ಯಾಡ್ರಿ.

ಬ್ಲಾಸ್ಟಲ್ಲೂ ಹಂಗೇ ಆಗುತ್ತೆ! ಜೋರಾಗಿ ಹಾರಿದ ಕಲ್ಲು ದೂರ ಹೋಗಿರ್ತೈತೆ, ಮೆತ್ತಗೆ ಹಾರಿದ್ದು ಹತ್ರಾನೇ ಇರ್ತೈತೆ. ನೆಲಕ್ಕೆ ಬೀಳದೇ ಹಾರ್ತಾನೇ ಇದ್ರೆ, ಎರಡರಷ್ಟು ಸ್ಪೀಡಿಂದು ಎರಡರಷ್ಟು ದೂರ, ಮೂರರಷ್ಟಿಂದು ಮೂರರಷ್ಟು. ಒಂದು ಹಾರೋ ಕಲ್ಲಿನ ಮೇಲೆ ಇರುವೆ ಕೂತಿದ್ರೆ ಅದಕ್ಕೂ ಸುತ್ತ ಇರೋ ಕಲ್ಲೆಲ್ಲಾ ತನ್ನ ಬಿಟ್ಟು ಓಡ್ತಾ ಇರೋ ಹಂಗೇ ಕಾಣಬೇಕು, ದೂರದ್ದು ಜೋರಾಗಿ. ಆದ್ರೂ ಆ ಕಲ್ಲುಗಳಿಗೆ ಒಂದು ಹೋಲ್ ಇತ್ತಲ್ಲ. ಎಲಾಸ್ಟಿಕ್ಕಿಗೂ ಎರಡು ತುದಿ ಐತೆ, ಹಂಗಾಗಿ ನಡುಮಧ್ಯಾನೂ ಐತೆ, ಅಳತೆ ಟೇಪ್ ಹಿಡಿದು ತೋರಿಸ್ತೀನಿ. ಇರುವೆಗೆ ಗೊತ್ತಾಗಲ್ಲ ಅಂದ ಮಾತ್ರಕ್ಕೆ ಹೋಲ್ ಇಲ್ಲ ಅಂತ ಹೆಂಗೆ ಹೇಳ್ತೀರಿ?

ಹಳೇ_ಮೇಷ್ಟ್ರು

ಭೇಷ್. ಮೂವತ್ತು ವರ್ಷದಲ್ಲಿ ಒಬ್ಬ ಹುಡುಗನೂ ಈ ತಕರಾರು ತೆಗೀಲಿಲ್ಲ. ನೀವು ಹೇಳೋದು ಸರಿ, ಓಟ ಒಂದನ್ನೇ ನೋಡಿ ಇದು ಸಿಡಿತ ಅಲ್ಲ ಅಂತ ತೀರ್ಮಾನ ಮಾಡೋಕಾಗಲ್ಲ. ಬೇರೆ ಸಾಕ್ಷಿ ಬೇಕು. ಎಮ್ಮೆಸ್ಸಿ ಹುಡುಗ ಇದ್ನಲ್ಲ ಈ ಗುಂಪಲ್ಲಿ, ಬಾರಪ್ಪಾ ಈ ಕಡೆ.

ಆದಿ_ಅನಾದಿ

ಇದಕ್ಕೆಲ್ಲಾ ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ, ನಮ್ಮ ಹಿರಿಯರು ಬ್ರಹ್ಮಾಂಡ ಅಂತ ಆವಾಗಲೇ ಹೇಳಿದಾರೆ, ಅಂಡ ಅಂದ್ರೆ ಮೊಟ್ಟೆ, ಮೊಟ್ಟೆ ಒಡೀತು ಬ್ರಹ್ಮಾಂಡ ಆಯ್ತು, ಎಲ್ಲಾ ನಮ್ಮಲ್ಲೇ ಇತ್ತು.

ಹಳೇ_ಮೇಷ್ಟ್ರು

ಇತ್ತು ಸ್ವಾಮಿ, ಚಂದದ ಕಲ್ಪನೆ. ಆದ್ರೆ ಮೊಟ್ಟೆ ಅಂದ ತಕ್ಷಣ ಅದಕ್ಕೊಂದು ಹೊರಗು ಬಂತು, ಇಟ್ಟಿದ್ದು ಎಲ್ಲಿ ಅಂತ ಜಲ್ಲಿಯವರು ಮತ್ತೆ ಶುರು ಮಾಡ್ತಾರೆ. ಬೇಡ.

ತೋಳಹುಣಸೆ_ಎಮ್ಮೆಸ್ಸಿ

ಬಂದೆ ಸರ್, ಇಂಟರ್ನಲ್ಸ್ ಇತ್ತು, ಅದಕ್ಕೆ ಲೇಟು. ಜಲ್ಲಿ ಅಣ್ಣ ನಿಮ್ಮ ಇರುವೆ ಮಾತು ನಮ್ಮ ಹಾಸ್ಟೆಲಲ್ಲೆಲ್ಲಾ ಓದಿ ಹೇಳಿದೆ, ನಿಜವಾಗ್ಲೂ ಸಖತ್ ಪಾಯಿಂಟ್. ಸ್ವಲ್ಪ ಉದ್ದ ಆಗುತ್ತೆ, ಟೀ ಹಿಡ್ಕೊಂಡು ಓದಿ.

ಒಂದು ಹೋಲಿಂದ ಎಲ್ಲಾ ಸಿಡಿದು ಖಾಲಿ ಜಾಗದೊಳಗೆ ಹರಡಿದ್ರೆ ಏನೇನು ಕಾಣಬೇಕು ಅಂತ ನೋಡಣ. ಮೊದಲನೇದು, ಕಲ್ಲಿನ ಗುಂಪಿಗೆ ಒಂದು ಅಂಚು ಇರಬೇಕು, ಅದರಾಚೆ ಖಾಲಿ. ನಾವು ಸರಿಯಾಗಿ ನಡುವಿನಲ್ಲಿ ಇಲ್ಲದೇ ಇದ್ರೆ ಒಂದು ಕಡೆ ಗ್ಯಾಲಕ್ಸಿ ದಟ್ಟ, ಇನ್ನೊಂದು ಕಡೆ ತೆಳ್ಳಗೆ ಕಾಣಬೇಕು. ದೊಡ್ಡ ಅಳತೇಲಿ ಎಣಿಸಿದ್ರೆ ಹಂಗೆ ಕಾಣಲ್ಲ, ಯಾವ ದಿಕ್ಕಿಗೆ ನೋಡಿದ್ರೂ ಹೆಚ್ಚು ಕಮ್ಮಿ ಒಂದೇ.

ಎರಡನೇದು ಇನ್ನೂ ಮುಖ್ಯ. ಮದ್ದು ಸಿಡಿದಾಗ ಬೆಂಕಿ ಬೆಳಕು ಬರುತ್ತಲ್ಲ, ಅದು ಕಲ್ಲಿಗಿಂತ ಮೊದಲೇ ಹಾರಿ ಹೋಗಿರುತ್ತೆ, ಹಾರ್ತಾ ಇರೋ ಕಲ್ಲಿನ ಮೇಲಿನ ಇರುವೆಗೆ ಮತ್ತೆ ಆ ಬೆಳಕು ಸಿಗಲ್ಲ, ದಾಟಿ ಹೋಗಿದ್ದು ಹೋಯ್ತು. ಆದ್ರೆ ವಿಶ್ವದ ಆ ಹಳೇ ಬೆಳಕು ನಮಗೆ ಈಗಲೂ ಬರ್ತಾ ಇದೆ, ಪ್ರತಿ ಸೆಕೆಂಡೂ, ಎಲ್ಲಾ ದಿಕ್ಕಿಂದ, ನಿಂತೇ ಇಲ್ಲ!

ಅದು ಸಿಕ್ಕಿದ ಕಥೆ ಮಜಾ ಇದೆ. 1964ರಲ್ಲಿ ಅಮೆರಿಕದ ನ್ಯೂಜೆರ್ಸೀಲಿ ಪೆನ್ಜಿಯಾಸ್ ಮತ್ತೆ ವಿಲ್ಸನ್ ಅಂತ ಇಬ್ರು ಕೊಂಬಿನ ಆಕಾರದ ದೊಡ್ಡ ಆಂಟೆನಾ ಇಟ್ಕೊಂಡು ಕೂತಿದ್ರು. ಅದರಲ್ಲಿ ಒಂದು ಸಣ್ಣ ಗೊರ್ ಅನ್ನೋ ಸದ್ದು ಹೋಗ್ತಾನೇ ಇಲ್ಲ, ಹಗಲು ರಾತ್ರಿ ಒಂದೇ, ಯಾವ ಕಡೆ ತಿರುಗಿಸಿದ್ರೂ ಒಂದೇ. ಒಳಗೆ ಪಾರಿವಾಳ ಗೂಡು ಕಟ್ಟಿದ್ವು, ಅದರ ಹಿಕ್ಕೆಯಿಂದ ಇರಬೇಕು ಅಂತ ಅದನ್ನೂ ಉಜ್ಜಿ ತೊಳೆದ್ರು ಪಾಪ, ಆದ್ರೂ ಸದ್ದು ಹೋಗಲಿಲ್ಲ. ಅದೇ ವಿಶ್ವ ಎಳೇದಾಗಿದ್ದಾಗಿನ ಬೆಳಕು. 1978ರಲ್ಲಿ ಇಬ್ರಿಗೂ ನೊಬೆಲ್ ಬಂತು. ಹಳೇ ಟಿವೀಲಿ ಚಾನೆಲ್ ಬರದೇ ಇದ್ದಾಗ ಚುಕ್ಕಿ ಚುಕ್ಕಿ ಬರ್ತಿತ್ತಲ್ಲ, ಅದರಲ್ಲೂ ನೂರಕ್ಕೆ ಒಂದು ಪಾಲಿನಷ್ಟು ಇದೇ ಅಂತಾರೆ.

ಮೊದಲು ವಿಶ್ವ ಎಷ್ಟು ಬಿಸಿ ಇತ್ತು ಅಂದ್ರೆ ಬೆಳಕು ಮುಂದಕ್ಕೆ ಹೋಗೋಕೇ ಆಗ್ತಿರಲಿಲ್ಲ, ದಟ್ಟ ಮಂಜಿನಂಗೆ. ಸುಮಾರು 3,80,000 ವರ್ಷ ಆದ್ಮೇಲೆ ತಣ್ಣಗಾಗಿ 3000 ಡಿಗ್ರಿಗೆ ಇಳೀತು, ಮಂಜು ತೆರೀತು, ಬೆಳಕು ಹೊರಟಿತು. ಅವತ್ತಿಂದ ಜಾಗ ಹಿಗ್ಗಿ ಹಿಗ್ಗಿ ಆ ಬೆಳಕಿನ ಅಲೇನೂ ಸುಮಾರು 1100 ಪಟ್ಟು ಎಳೆದುಕೊಂಡು ಈಗ ಸೊನ್ನೆಗಿಂತ 270 ಡಿಗ್ರಿ ಕೆಳಗಿನ ತಣ್ಣನೇ ಮೈಕ್ರೋವೇವ್ (ಒಂಥರಾ ರೇಡಿಯೋ ಅಲೆ) ಆಗಿ ಬರ್ತಿದೆ.

ಸರಿ, ಇನ್ನೂ ಯಾಕೆ ಬರ್ತಿದೆ? ನಾಯಕನಹಟ್ಟಿ ಜಾತ್ರೆ ನೆನೆಸ್ಕೊಳ್ಳಿ, ಆದ್ರೆ ಜನ ನಾಲ್ಕೂ ದಿಕ್ಕಿಗೆ ಕಣ್ಣು ಹಾಯೋಷ್ಟಕ್ಕಿಂತ ಎಷ್ಟೋ ಆಚೆ ತನಕ ಮುಗಿಯದಂಗೆ ನಿಂತಿದಾರೆ ಅಂತ. ಎಲ್ಲರೂ ಒಂದೇ ಕ್ಷಣಕ್ಕೆ, ಒಂದೇ ಸಲ ಒಂದು ಕೂಗು ಹಾಕಿ ಬಾಯಿ ಮುಚ್ಚಿದ್ರು. ನಿಮಗೆ ಒಂದೇ ಸಲ ಕೇಳಿ ಮುಗೀತಾ? ಇಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಪಕ್ಕದವರದು ಆಗಲೇ ಕೇಳ್ತು, ಒಂದು ಸೆಕೆಂಡ್ ಆದ್ಮೇಲೆ 340 ಮೀಟರ್ ದೂರ ಇರೋರದು, ಹತ್ತು ಸೆಕೆಂಡಿಗೆ 3.4 ಕಿಲೋಮೀಟರ್ ಆಚೆಯೋರದು. ಅವರೆಲ್ಲಾ ಬಾಯಿ ಮುಚ್ಚಿ ಎಷ್ಟೋ ಹೊತ್ತಾಗಿದೆ, ನಿಮಗೆ ಮಾತ್ರ ಕೇಳ್ತಾನೇ ಇದೆ, ನಿಮ್ಮ ಸುತ್ತ ಒಂದು ಬಳೆ ಇದ್ದಂಗೆ, ಆ ಬಳೆ ಹೊತ್ತು ಹೋದಂಗೆ ದೊಡ್ಡದಾಗ್ತಾ ಹೋಗುತ್ತೆ. ಬಳೆಗೆ ನೀವೇ ನಡುಮಧ್ಯ. ಆದ್ರೆ ಹತ್ತು ಕಿಲೋಮೀಟರ್ ಆಚೆ ನಿಂತೋನಿಗೆ ಅವನದೇ ಬಳೆ, ಅದಕ್ಕೆ ಅವನೇ ನಡುಮಧ್ಯ. ಒಬ್ಬನೇ ಕೂಗಿದ್ರೆ ಒಂದೇ ಕಡೆಯಿಂದ ಒಂದು ಸಲ ಕೇಳಿ ಮುಗಿಯೋದು, ನಿಮ್ಮ ಬ್ಲಾಸ್ಟ್ ಥರ. ಎಲ್ಲಾ ಕಡೆಯಿಂದ ನಿಲ್ಲದೇ ಕೇಳ್ತಿದೆ ಅಂದ್ರೆ ಎಲ್ಲಾ ಕಡೆ ಕೂಗಿದಾರೆ ಅಂತಲೇ ಅರ್ಥ. ನಮ್ಮ ಬೆಳಕಿನ ಬಳೆ (ಬಳೆ ಅಲ್ಲ, ಚೆಂಡಿನ ಸಿಪ್ಪೆ ಅನ್ನಿ) ಈಗ ಸುಮಾರು 4500 ಕೋಟಿ ಬೆಳಕಿನ ವರ್ಷ ದೂರದಲ್ಲಿದೆ. 1380 ಕೋಟಿ ವರ್ಷ ನಡೆದ ಬೆಳಕಿಗೆ ಅಷ್ಟು ದೂರ ಹೆಂಗೆ ಅಂದ್ರೆ, ಬೆಳಕು ಬರ್ತಾ ಇರೋವಾಗಲೇ ಹಿಂದೆ ಎಲಾಸ್ಟಿಕ್ ಎಳೀತಾ ಇತ್ತು.

ತುದಿ ಇರೋದು ಎಲಾಸ್ಟಿಕ್ಕಿನ ತಪ್ಪು, ವಿಶ್ವದ್ದಲ್ಲ 😀 ಒಟ್ಟು ವಿಶ್ವಕ್ಕೆ ಕೊನೆ ಇದೆಯೋ ಇಲ್ವೋ ಯಾರೂ ತೀರ್ಮಾನ ಮಾಡಿಲ್ಲ, ಆದ್ರೆ ನಮಗೆ ಕಾಣೋಷ್ಟರಲ್ಲಿ ಅಂಚು ಸಿಕ್ಕಿಲ್ಲ. ಎಲ್ಲಾ ಒಂದು ಚುಕ್ಕೀಲಿ ಇತ್ತು ಅಂತ ಪುಸ್ತಕದಲ್ಲಿ ಬರೀತಾರಲ್ಲ ಅದನ್ನೂ ಸ್ವಲ್ಪ ಹುಷಾರಾಗಿ ಓದ್ಬೇಕು, ಅದು ಈಗ *ನಮಗೆ ಕಾಣೋ* ಭಾಗ ಚಿಕ್ಕದಾಗಿತ್ತು ಅಂತ. ಪೂರ್ತಿ ವಿಶ್ವ ಕೊನೆ ಇಲ್ಲದ್ದಾಗಿದ್ರೆ ಆವಾಗ್ಲೂ ಕೊನೆ ಇಲ್ಲದ್ದೇ, ಬರೀ ಒತ್ತೊತ್ತಾಗಿತ್ತು ಅಷ್ಟೇ.

ಮಿರ್ಚಿ_ಮಂಡಕ್ಕಿ

ಎಲ್ಲಾ ದಿಕ್ಕಿಂದ್ಲೂ ಒಂದೇ ಥರ ಅಂತೀಯ, ಪೂರ್ತಿ ಒಂದೇನಾ? ಎಲ್ಲೋ ಓದಿದ್ದೆ ಒಂದು ಕಡೆ ಸ್ವಲ್ಪ ಬಿಸಿ ಇದೆ ಅಂತ, ಅದೇ ಬಿಗ್ ಬ್ಯಾಂಗ್ ಆದ ದಿಕ್ಕು ಇರಬಹುದಲ್ಲಾ

ತೋಳಹುಣಸೆ_ಎಮ್ಮೆಸ್ಸಿ

ಹಂಗೆ ಅನ್ಸುತ್ತೆ, ಆದ್ರೆ ಅಲ್ಲ. ಸಿಂಹ ರಾಶಿ ಕಡೆ ಸಾವಿರದಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ ಬಿಸಿ, ಅದರ ಎದುರು ದಿಕ್ಕಲ್ಲಿ ಅಷ್ಟೇ ತಣ್ಣಗೆ. ಅದು ನಮ್ಮ ಓಟದಿಂದ ಆಗಿದ್ದು. ನಮ್ಮ ಸೌರಮಂಡಲ ಆ ಹಳೇ ಬೆಳಕಿಗೆ ಹೋಲಿಸಿದ್ರೆ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ಸ್ಪೀಡಲ್ಲಿ ಆ ಕಡೆ ಹೋಗ್ತಿದೆ. ಎದುರಿಂದ ಬರೋ ಆಂಬುಲೆನ್ಸ್ ಸೈರನ್ ಚೂರು ಕೀಚಲಾಗಿ, ದಾಟಿ ಹೋದ್ಮೇಲೆ ದಪ್ಪಗೆ ಕೇಳುತ್ತಲ್ಲ ಹಂಗೆ. ಆ ಓಟಾನ ಲೆಕ್ಕದಿಂದ ತೆಗೆದ್ರೆ ಉಳಿಯೋ ವ್ಯತ್ಯಾಸ ಲಕ್ಷಕ್ಕೆ ಒಂದು ಪಾಲಿನಷ್ಟು. ಅದನ್ನ ಅಳೆಯೋಕೇ ಅಂತ 1989ರಲ್ಲಿ ಕೋಬೆ, 2001ರಲ್ಲಿ ಡಬ್ಲ್ಯುಮ್ಯಾಪ್, 2009ರಲ್ಲಿ ಪ್ಲಾಂಕ್ ಅಂತ ಮೂರು ಉಪಗ್ರಹ ಹಾರಿಸಿದ್ರು, ಯಾವುದಕ್ಕೂ ಹೋಲ್ ಕಾಣಲಿಲ್ಲ ಜಲ್ಲಿ ಅಣ್ಣ.

ನಮ್ಮ ಕಡೆಯೋರೂ ಸುಮ್ನೆ ಕೂತಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಅನ್ನೋ ರೇಡಿಯೋ ಟೆಲಿಸ್ಕೋಪನ್ನ 2020ರಲ್ಲಿ ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟು ಅಳೆದಿದಾರೆ, ಮೊದಲ ನಕ್ಷತ್ರ ಹುಟ್ಟಿದ ಕಾಲದ ಸಿಗ್ನಲ್ ಹುಡುಕೋಕೆ. ಅದು ಈ ಬೆಳಕಿಗಿಂತ ಆಮೇಲಿನ ಕಾಲದ್ದು, ಅದರ ಕಥೆ ಬೇರೆ.

ಟೈಲರ್_ಡಿವಿಜಿ

ಜಾತ್ರೆ ಲೆಕ್ಕ ನನ್ನ ಎಲಾಸ್ಟಿಕ್ಕಿಗಿಂತ ಗಟ್ಟಿ ಐತಿ, ಒಪ್ಕೊಂಡೆ. ಆದ್ರೂ ಎಲಾಸ್ಟಿಕ್ ಅಗ್ಗ.

ಜಲ್ಲಿ_ದುರ್ಗ

ಎಲ್ರಿಗೂ ಥ್ಯಾಂಕ್ಸ್. ಎಮ್ಮೆಸ್ಸಿ ತಮ್ಮ, ನಿನ್ನ ಜಾತ್ರೆ ಮಾತು ಎರಡು ದಿನ ತಲೇಲೇ ಕೂತಿತ್ತು. ಮರಡಿಹಳ್ಳಿ ದಿಂಬಿನಾಕಾರದ ಲಾವಾ ಕಲ್ಲು ಗೊತ್ತಲ್ಲ, 250 ಕೋಟಿ ವರ್ಷದ್ದು ಅಂತಾರೆ, ಅದಕ್ಕೆ ಜಾಗ ಐತೆ, ಬೋರ್ಡ್ ಹಾಕಿದಾರೆ, ಕೈಯಿಟ್ಟು ಮುಟ್ಟಬಹುದು. ಹಂಗೇ ಇದಕ್ಕೂ ಒಂದು ಬೋರ್ಡ್ ಇರ್ತೈತೆ ಅನ್ನೋದು ನನ್ನ ತಲೇಲಿ ಇತ್ತು ಅನ್ಸುತ್ತೆ.

ಭಾನುವಾರ ಕೆಲಸ ಇರಲಿಲ್ಲ, ಮಗಳನ್ನ ಕರ್ಕೊಂಡು ಹೋಗಿದ್ದೆ, ಶೆಡ್ಡಲ್ಲಿರೋ ಹುಡುಗ್ರನ್ನ ಹಿಡಿದು ಪರೀಕ್ಷೆ ಮಾಡಿದ್ವಿ. ಮೊದ್ಲು ಕ್ವಾರಿ ಒಳಗೇ ನಿಲ್ಲಿಸಿದೆ, ಗೋಡೆಗೆ ಹೊಡೆದು ಸದ್ದು ತಿರುಗಿ ತಿರುಗಿ ಬಂದು ಏನೂ ತಿಳೀಲಿಲ್ಲ, ಎಲ್ಲಾ ಗಲಾಟೆ. ಆಮೇಲೆ ಹೊರಗೆ ಬಯಲಿಗೆ ಬಂದು ಐದು ಜನ ನೂರು ನೂರು ಹೆಜ್ಜೆಗೆ ಒಬ್ಬೊಬ್ರಂಗೆ ಸಾಲಾಗಿ ನಿಂತ್ವಿ, ನಾನು ಈ ತುದಿ. ಎಲ್ಲರ ಕೈಗೂ ಒಂದೊಂದು ಹಳೇ ಡ್ರಿಲ್ ರಾಡಿನ ತುಂಡು, ಒಂದು ಸುತ್ತಿಗೆ. ಮಗಳು ಟಿಪ್ಪರ್ ಮೇಲೆ ಹತ್ತಿ ಕೆಂಪು ಬಾವುಟ ಇಳಿಸಿದ ತಕ್ಷಣ ಎಲ್ಲರೂ ಒಂದೇ ಏಟು ಹಾಕಬೇಕು. ಮೊದಲ ನಾಲ್ಕೈದು ಸಲ ಒಬ್ಬ ಮುಂಚೆ ಹೊಡೆಯೋದು ಒಬ್ಬ ತಡವಾಗಿ ಹೊಡೆಯೋದು, ಆಮೇಲೆ ಕೈ ಕುದುರ್ತು. ನನಗೆ ಠಣ್ ಠಣ್ ಠಣ್ ಠಣ್ ಠಣ್ ಅಂತ ಐದು ಬೇರೆ ಬೇರೆ ಕೇಳ್ತು, ನಂದು ಮೊದ್ಲು, ಆ ತುದಿಯವಂದು ಕೊನೇಗೆ, ಎಲ್ಲಾ ಒಂದೇ ಕಡೆಯಿಂದ. ಆ ತುದಿಯವನಿಗೂ ಐದು, ಆದ್ರೆ ಅವನಿಗೆ ಅವನದ್ದೇ ಮೊದ್ಲು, ನಂದು ಕೊನೇಗಂತೆ, ನಾನು ಹೊಡೆದಿದ್ದೇ ಲೇಟು ಅಂತ ನನಗೇ ಬೈದ.

ನಡುವೆ ನಿಂತಿದ್ನಲ್ಲ ಕಂಪ್ರೆಸರ್ ಹುಡುಗ, ಅವನು ಮಾತ್ರ ಮೂರೇ ಕೇಳಿದ್ದು, ಯಾರೋ ಇಬ್ರು ಹೊಡೀದೇ ಮೋಸ ಮಾಡ್ತಿದಾರೆ ಅಂತ ಸುತ್ತಿಗೆ ಬಿಸಾಕಿ ಕೂತ. ಜಗಳಾನೇ ಆಯ್ತು. ಕೊನೇಗೆ ಮಗಳೇ ಟಿಪ್ಪರ್ ಇಂದ ಇಳಿದು ಬಂದು ಮಣ್ಣಲ್ಲಿ ಐದು ಕಲ್ಲಿಟ್ಟು ಹೇಳಿದ್ಲು, "ಅಣ್ಣಾ, ನಿನಗೆ ಎರಡೂ ಕಡೆಯಿಂದ ಜೋಡಿ ಜೋಡಿಯಾಗಿ ಬಂದಿದೆ, ಅದಕ್ಕೇ ಮೂರು. ಐದು ಬೇರೆ ಬೇರೆ ಕೇಳಿದ್ದು ತುದೀಲಿ ನಿಂತೋರಿಗೆ ಮಾತ್ರ." ಅವನು ಇನ್ನೂ ನಂಬಿಲ್ಲ, ಮುಂದಿನ ಭಾನುವಾರ ತಾನು ತುದೀಲಿ ನಿಲ್ತಾನಂತೆ.